ಕಾಲುಸೇತುವೆಯ ಮೇಲೆ ಬಿದ್ದ ಗೆರೆ

ಒಂದು ಹಲಗೆಗೆ ಒಂದೂವರೆ ಸಾವಿರ ಶಿಲ್ಲಿಂಗ್. ಅಂಥವು ಎಂಟು ಬೇಕು. ಮೊಳೆ, ತಂತಿ, ಹಿಡಿದುಕೊಳ್ಳಲು ಪೈಪು ಬೇರೆ. ಮರಗೆಲಸದ ಫುಂಡಿಗೆ ಎರಡು ದಿನದ ಕೂಲಿ, ಜೊತೆಗೆ ಊಟ. ಪಂಗಾನಿ ಬಡಾವಣೆಯ ಓಣಿಯೊಂದರ ಹಿಂದೆ ತೊರೆಗೆ ಹಾಕಿದ ಕಾಲುಸೇತುವೆಯನ್ನು ಓಣಿಯವರು ಹೀಗೆ ಚಂದಾ ಎತ್ತಿ ಎರಡು ಸಲ ರಿಪೇರಿ ಮಾಡಿಸಿದ್ದರು. ಎರಡು ಸಲವೂ ಮಳೆಯ ನೀರು ಹಲಗೆಗಳನ್ನು ಹೊತ್ತುಕೊಂಡು ಹೋಯಿತು.

ಕೊನೆಗೆ ಚುನಾವಣಾ ಕ್ಷೇತ್ರದ ಅಭಿವೃದ್ಧಿ ಹಣದಲ್ಲಿ ಕಾಂಕ್ರೀಟ್ ಸೇತುವೆ ಕಟ್ಟುವ ಮಾತು ಬಂತು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಆ ಓಣಿಯ ಲೀಲಮ್ಮ. ಅವರ ಮಂಡಿಗೆ ವ್ಯಾಯಾಮ ಮಾಡಿಸುವ ಚಿಕಿತ್ಸಾಲಯ ಆಚೆ ದಡದಲ್ಲಿದೆ. ಸೇತುವೆ ಇದ್ದರೆ ನಿಧಾನವಾಗಿ ನಡೆದು ಹೋಗಬಹುದು. ಇಲ್ಲದಿದ್ದರೆ ಸುತ್ತಿ ಹೋಗಿ ಮಟಾಟು ವ್ಯಾನು ಹತ್ತಬೇಕು. ಆ ಎತ್ತರದ ಮೆಟ್ಟಿಲು ಅವರ ಕಾಲಿಗೆ ಆಗದು. ಹಲಗೆ ಹೋದ ಮೇಲೆ ಚಿಕಿತ್ಸೆಯೂ ನಿಂತಿತ್ತು. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಕೋಲಿಲ್ಲದೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಶ್ರದ್ಧಾ ಒಂದು ಸುದ್ದಿ ತಂದಳು. ಅವಳು ಮೈಸೂರಿನವಳು, ಮೂರು ವರ್ಷದ ಮಟ್ಟಿಗೆ ಇಲ್ಲಿ ಪಾಠ ಹೇಳಲು ಬಂದವಳು. ಸರ್ಕಾರಿ ಕಚೇರಿಯ ಗೋಡೆಗೆ ಹೊಸ ನಕ್ಷೆ ಅಂಟಿಸಿದ್ದಾರೆ, ಚುನಾವಣಾ ಕ್ಷೇತ್ರಗಳ ಗಡಿ ಬದಲಾಗುತ್ತಿದೆ, ಕರಡು ಗೆರೆ ನೇರವಾಗಿ ತೊರೆಯ ಮೇಲೆಯೇ ಹೋಗಿದೆ ಎಂದಳು.

"ಮೇಷ್ಟ್ರೇ, ಸೇತುವೆಯ ಒಂದು ಕಾಲು ಒಂದು ಕ್ಷೇತ್ರದಲ್ಲಿ, ಇನ್ನೊಂದು ಕಾಲು ಇನ್ನೊಂದರಲ್ಲಿ. ಕಟ್ಟಿಸೋರು ಯಾರು ಹೇಳಿ?"

ಲೀಲಮ್ಮನ ಯಜಮಾನರು ವಿಶ್ವನಾಥ ಮೇಷ್ಟ್ರು. ಇಲ್ಲಿನ ಶಾಲೆಯಲ್ಲಿ ದುಡಿದು ನಿವೃತ್ತರಾದವರು, ಈ ದೇಶದ ಪ್ರಜೆಯಾಗಿಯೂ ಬಹಳ ಕಾಲವಾಯಿತು. ಆದರೂ ಅವರು ತಲೆಯಾಡಿಸಿದರು. ನಾವು ಹೊರಗಿಂದ ಬಂದವರು, ಸರ್ಕಾರದ ಗೆರೆಯ ವಿಷಯಕ್ಕೆ ಹೋಗಬಾರದು, ಇನ್ನೊಂದು ಸಲ ಚಂದಾ ಎತ್ತಿದರಾಯಿತು ಎಂದರು.

"ನಮ್ಮವರ ಅಭ್ಯಾಸವೇ ಇದು," ಎಂದರು ಲೀಲಮ್ಮ. "ಕಷ್ಟ ಬಂದರೆ ಪರ್ಸು ತೆಗೀತೀರಿ, ಬಾಯಿ ತೆಗೆಯಲ್ಲ."

"ಮನೇಲಿ ನೀನು ತೆಗೆಯೋಕೆ ಬಿಟ್ಟಿದ್ದರೆ ಅಭ್ಯಾಸ ಆಗ್ತಿತ್ತು."

ಶ್ರದ್ಧಾ ನಗುತ್ತಲೇ ಬಿಡಿಸಿ ಹೇಳಿದಳು. ಜನ ಹೆಚ್ಚಾದ ಹಾಗೆ ಗಡಿಗಳನ್ನು ಎಂಟರಿಂದ ಹನ್ನೆರಡು ವರ್ಷಕ್ಕೊಮ್ಮೆ ಮತ್ತೆ ನೋಡಬೇಕೆಂದು ಇಲ್ಲಿನ ಸಂವಿಧಾನವೇ ಹೇಳುತ್ತದೆ. ಒಬ್ಬರ ವೋಟಿನ ತೂಕ ಇನ್ನೊಬ್ಬರದಕ್ಕಿಂತ ತೀರಾ ಕಡಿಮೆಯಾಗಬಾರದಲ್ಲ. ಒಂದು ಕಾಲಕ್ಕೆ ಒಂದೇ ಆಗಿದ್ದ ಕಸರಾನಿ ಕ್ಷೇತ್ರ ಹಾಗೆಯೇ ಮೂರಾಯಿತು, ಲಂಗಾಟಾ ಎರಡಾಯಿತು. ಆದರೆ ತಲೆ ಎಣಿಸಿದರೆ ಮಾತ್ರ ಸಾಲದು. ನದಿ, ರಸ್ತೆ, ಜನರು ಮೊದಲಿಂದ ಹೇಗೆ ಕೂಡಿ ಬಾಳಿದ್ದಾರೆ ಎನ್ನುವುದನ್ನೂ ನೋಡಬೇಕು. ಅದಕ್ಕೇ ಕರಡು ಹೊರಡಿಸಿ, ಸಭೆ ಕರೆದು ಜನರ ಮಾತು ಕೇಳುತ್ತಾರೆ.

"ನನಗೆ ಇಲ್ಲಿ ವೋಟಿಲ್ಲ ಮೇಷ್ಟ್ರೇ. ನಿಮಗಿದೆ. ಇದ್ದೂ ಸುಮ್ಮನಿರ್ತೀರಾ?"

ಮೇಷ್ಟ್ರು ಕೇಳಿದರು: "ಹೋಗಿ ಏನು ಹೇಳಲಿ?"

"ಸಂಜೆ ಹೊತ್ತು ಹೇಳ್ತೀರಲ್ಲ, ಹಳೇ ಪಂಗಾನಿ ಕಥೆ. ಅದನ್ನೇ."

"ಅದನ್ನು ಶುರು ಮಾಡಿದರೆ ಮನೆಯವರೇ ಎದ್ದು ಹೋಗ್ತಾರಮ್ಮ."

"ಆ ಸಭೆಯಲ್ಲಿ ಎದ್ದು ಹೋಗಲ್ಲ. ಕೇಳೋದೇ ಅವರ ಕೆಲಸ."

ಮರುದಿನ ಮೂವರೂ ಮನೆಮನೆಗೆ ಹೋಗಿ ಸಭೆಯ ದಿನ ತಿಳಿಸಿದರು. ದೊಡ್ಡ ರಸ್ತೆಯಾಚೆಯ ಮನೆಗಳ ಸಾಲಿನಲ್ಲಿರುವ ಧನಶ್ರೀ ಚಹಾ ಕೊಟ್ಟು ಉಪಚರಿಸಿದರು. ನೀವು ಹೇಗೂ ಹೋಗ್ತೀರಲ್ಲ, ನಮ್ಮದೂ ಸೇರಿಸಿ ಹೇಳಿಬಿಡಿ, ಖರ್ಚು ಬಂದರೆ ಸಂಕೋಚಪಡದೆ ಕೇಳಿ ಎಂದರು. ಆ ಸಾಲಿನ ಬೇರೆಯವರೂ ಅದನ್ನೇ ಹೇಳಿದರು.

ಶಾಲೆಯ ಸಭಾಂಗಣದಲ್ಲಿ ಎರಡೂ ದಡದ ಜನ ಸೇರಿದ್ದರು. ಮೇಷ್ಟ್ರು ಎದ್ದು ನಿಂತರು. ಅರ್ಧ ಇಂಗ್ಲಿಷು, ಅರ್ಧ ಸ್ವಾಹಿಲಿಯಲ್ಲಿ ಶುರುಮಾಡಿದರು. ಹಳೇ ಪಂಗಾನಿಯ ಆ ಕಾಲದಲ್ಲಿ ತೊರೆಯ ತಳದ ಕಲ್ಲು ಕಾಣುತ್ತಿತ್ತು. ಬೆಳಿಗ್ಗೆ ಆಚೆ ದಡದ ಹೆಂಗಸರು ಸುಕುಮಾ ಸೊಪ್ಪಿನ ಬುಟ್ಟಿ ಹೊತ್ತು ಸೇತುವೆ ದಾಟುತ್ತಿದ್ದರು, ಈಚೆಯ ಮಕ್ಕಳು ಅದೇ ಸೇತುವೆ ದಾಟಿ ಶಾಲೆಗೆ ಹೋಗುತ್ತಿದ್ದರು. ಈ ಕಡೆ ನಲ್ಲಿ ಒಣಗಿದರೆ ಆ ಕಡೆಯ ನಲ್ಲಿ, ಆ ಕಡೆ ಒಣಗಿದರೆ ಈ ಕಡೆಯದು. ಯಾರೂ ಯಾರನ್ನೂ ಯಾವ ಕಡೆಯವರು ಎಂದು ಕೇಳಿದವರಲ್ಲ.

ಆಮೇಲೆ ಲೀಲಮ್ಮನ ಕಡೆ ನೋಡಿ ಹೇಳಿದರು: "ನಮ್ಮ ಮಗಳು ಹುಟ್ಟುವ ಹೊತ್ತಿಗೆ ರಸ್ತೆ ತುಂಬ ನೀರು, ಗಾಡಿ ಬರಲಿಲ್ಲ. ಆಚೆ ದಡದ ಹಿರಿಯ ಹೆಂಗಸು ಮಾಮಾ ನ್ಯಾಂಬುರ ತಮ್ಮ ಗಂಡುಮಕ್ಕಳನ್ನು ಕರೆತಂದು, ಇವಳನ್ನು ಕುರ್ಚಿಯಲ್ಲಿ ಕೂರಿಸಿ, ಆ ಸೇತುವೆ ದಾಟಿಸಿ ನರ್ಸಮ್ಮನ ಮನೆಗೆ ಒಯ್ದರು. ನಿಮ್ಮ ನಕ್ಷೆಯಲ್ಲಿ ಅದು ಗಡಿ. ನಮಗೆ ಅದು ಹೊಸ್ತಿಲು."

ಹಿಂದಿನ ಸಾಲಿನಿಂದ ಮಾಮಾ ನ್ಯಾಂಬುರ ಅವರ ಮಗ, ಈಗ ಅವನಿಗೂ ತಲೆ ನೆರೆತಿದೆ, ಎದ್ದು ನಿಂತು ಆ ಕುರ್ಚಿ ಹೊತ್ತವರಲ್ಲಿ ನಾನೂ ಒಬ್ಬ ಎಂದ. ಗಡಿಯ ವಿಚಾರಣೆಗೆ ಬಂದಿದ್ದ ಅಧಿಕಾರಿ ಇಬ್ಬರ ಮಾತನ್ನೂ ಬರೆದುಕೊಂಡರು. ದೊಡ್ಡ ರಸ್ತೆಯೇ ಗಡಿಯಾದರೆ ಯಾರಿಗಾದರೂ ತೊಂದರೆಯೇ ಎಂದು ಕೇಳಿದರು. ರಸ್ತೆಯಾಚೆಗೂ ನಮ್ಮವರಿದ್ದಾರೆ ಎಂದರು ಮೇಷ್ಟ್ರು. ಅವರು ಬಂದಿದ್ದಾರೆಯೇ ಎಂದು ಅಧಿಕಾರಿ ಸಭೆಯ ಕಡೆ ನೋಡಿದರು. ಯಾರೂ ಏಳಲಿಲ್ಲ.

ಕೆಲವು ತಿಂಗಳಿಗೆ ಅಂತಿಮ ನಕ್ಷೆ ಬಂತು. ಗೆರೆ ತೊರೆ ಬಿಟ್ಟು ದೊಡ್ಡ ರಸ್ತೆಗೆ ಸರಿದಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಇಲ್ಲಿನ ಪ್ರಜೆಗಳಾಗಿದ್ದರೆ ಕರಡು ನಕ್ಷೆ ಅಂಟಿಸಿದಾಗ ಹೋಗಿ ನೋಡಿ. ನಿಮ್ಮ ಮನೆ, ಶಾಲೆ, ಆಸ್ಪತ್ರೆ ಯಾವ ಕಡೆ ಬಿದ್ದಿವೆ ಎಂದು ಬೆರಳಿಟ್ಟು ಹುಡುಕಿ. ಸಭೆಗೆ ನೀವೇ ಹೋಗಿ, ಇನ್ನೊಬ್ಬರ ಕೈಲಿ ಹೇಳಿ ಕಳಿಸಬೇಡಿ. ಅಂತಿಮ ಗೆರೆ ಒಪ್ಪಿಗೆಯಾಗದಿದ್ದರೆ ಪ್ರಕಟವಾದ ಮೂವತ್ತು ದಿನದೊಳಗೆ ಹೈಕೋರ್ಟಿಗೆ ಹೋಗುವ ದಾರಿಯೂ ಇದೆ. ನಿಮ್ಮ ಮನೆಯ ಹಿರಿಯರ ನೆನಪನ್ನು ಹರಟೆ ಎಂದು ತಳ್ಳಿಹಾಕಬೇಡಿ, ಜೊತೆಗೆ ಕರೆದುಕೊಂಡು ಹೋಗಿ.

ಸೇತುವೆ ಕಟ್ಟಿದರು. ಲೀಲಮ್ಮ ಈಗ ವಾರಕ್ಕೆರಡು ಸಲ ನಡೆದೇ ಆಚೆ ದಡಕ್ಕೆ ಹೋಗಿಬರುತ್ತಾರೆ. ಧನಶ್ರೀಯವರ ಸಾಲು ಬೇರೆ ಕ್ಷೇತ್ರಕ್ಕೆ ಸೇರಿತು. ಅವರ ಬೀದಿಯ ಚರಂಡಿಗೆ ಹಳೆಯ ಕ್ಷೇತ್ರದ ಹಣದಲ್ಲಿ ಸಿಕ್ಕಿದ್ದ ಒಪ್ಪಿಗೆ ಬಿದ್ದುಹೋಯಿತು, ಇನ್ನು ಹೊಸ ಕ್ಷೇತ್ರದವರ ಬಳಿ ಮೊದಲಿನಿಂದ ಕೇಳಬೇಕು.