ಒಂದೇ ಮನೆಯ ನಾಲ್ಕು ಟ್ಯೂಬ್

"ಏನೋ ಅಜ್ಜ, ಊರುಗೋಲು ತರಿಸ್ಲಾ?"

ಗೋಡೌನಿನ ಬಾಗಿಲಲ್ಲಿ, ಹನ್ನೊಂದು ಜನ ಹಮಾಲರ ಎದುರಿಗೆ ಮೇಸ್ತ್ರಿ ನನಗೆ ಹೀಗಂದ. ನನಗೆ ಇಪ್ಪತ್ತಮೂರು ವರ್ಷ. ಲಾರಿಯಿಂದ ಮೂಟೆ ಇಳಿಸಿ ಪಕ್ಕದವನಿಗೆ ದಾಟಿಸುವಾಗ ಸೊಂಟ ಹಿಡಿದುಕೊಂಡು ನಿಂತುಬಿಟ್ಟಿದ್ದೆ. ಎಲ್ಲರೂ ನಕ್ಕರು. ಒಬ್ಬನಂತೂ ತನ್ನ ಭುಜ ಉಜ್ಜಿಕೊಳ್ಳುತ್ತಲೇ ನಗುತ್ತಿದ್ದ.

"ಇನ್ನೊಂದು ಸಲ ಹೀಗಾದ್ರೆ ಬರಬೇಡ. ಬೇರೆಯವನನ್ನ ನೋಡ್ಕೋತೀನಿ," ಎಂದ ಮೇಸ್ತ್ರಿ.

ನಮ್ಮ ಗೋಡೌನಿನಲ್ಲಿ ಒಂದು ಗತ್ತು ಇದೆ. ಮೂಟೆ ದಾಟಿಸುವಾಗ ಪಾದ ಕದಲಬಾರದು. ಕಂಬದ ಹಾಗೆ ನಿಂತು ಸೊಂಟ ಮಾತ್ರ ತಿರುಗಿಸಬೇಕು. ಪಾದ ಎತ್ತಿದವನನ್ನು 'ಹೊಸಬ' ಎಂದು ವಾರಗಟ್ಟಲೆ ಆಡಿಕೊಳ್ಳುತ್ತಾರೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಇದೊಂದರಲ್ಲಾದರೂ ಫಸ್ಟ್ ಬರೋಣವೆಂದು ಐದು ವರ್ಷ ಪಾದ ಎತ್ತಲಿಲ್ಲ.

ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ. ನಮ್ಮ ಬಡಾವಣೆಯ ಆಸ್ಪತ್ರೆಯ ನರ್ಸಮ್ಮ ಅಮ್ಮನ ಬಿಪಿ ನೋಡಲು ಬಂದಿದ್ದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಮೂಗು ಅರಳಿಸಿದರು.

"ನೋವಿನ ಮುಲಾಮು ವಾಸನೆ. ಯಾರಿಗೆ ನೋವು?"

"ನನಗಲ್ಲ," ಎಂದೆ.

"ನನಗೂ ಅಲ್ಲ." ಅಪ್ಪ ಟೈಲರ್. ಬಟ್ಟೆ ಕತ್ತರಿಸುವ ಮೇಜಿನಿಂದ ತಲೆಯನ್ನೇ ಎತ್ತಲಿಲ್ಲ.

"ನನಗಂತೂ ಅಲ್ವೇ ಅಲ್ಲ." ಇದು ಅಕ್ಕ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಗಿರಾಕಿಗಳ ಫೋನ್ ಎತ್ತುವವಳು.

"ಹಾಗಾದ್ರೆ ಗೋಡೆಗೆ ನೋವಾ?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಕಚೇರಿಗಳ ನೆಲ ಒರೆಸುವ ಕೆಲಸ ಅವಳದು. ಹಿಟ್ಟಿನ ಡಬ್ಬದ ಹಿಂದಿನಿಂದ ತನ್ನದೊಂದು ಟ್ಯೂಬ್ ತೆಗೆದಳು. ಅಷ್ಟಕ್ಕೇ ನಿಲ್ಲಿಸದೆ ನನ್ನ ಹಾಸಿಗೆಯಡಿಯಿಂದ ಒಂದು, ಅಕ್ಕನ ಚೀಲದಿಂದ ಒಂದು, ಅಪ್ಪನ ದಾರದ ಉಂಡೆಗಳ ನಡುವಿನಿಂದ ಒಂದು ಎಳೆದು ತಂದಳು. ನಾಲ್ಕೂ ಒಂದೇ ಮುಲಾಮು, ನಾಲ್ಕೂ ಹಿಂಡಿ ಹಿಪ್ಪೆಯಾಗಿದ್ದವು.

"ಕಳ್ಳರ ಸಂಸಾರ!" ಎಂದರು ನರ್ಸಮ್ಮ. "ಗಾರೆಯವನಿಗೆ ಮಂಡಿ, ಡ್ರೈವರಿಗೆ ಬೆನ್ನು, ಅಡುಗೆಯವನಿಗೆ ಭುಜ, ಬ್ಯಾಂಕಿನವರಿಗೆ ಕುತ್ತಿಗೆ. ರೋಗಿಗಳನ್ನ ಎತ್ತಿ ಎತ್ತಿ ನನಗೂ ಸೊಂಟ. ಯಾವ ಕೆಲಸದವರನ್ನ ಕೇಳಿದ್ರೂ ಇದೇ ಪಾಡು. ಆದ್ರೆ ಎಲ್ಲರೂ ತಮಗೊಬ್ಬರಿಗೇ ಅಂದ್ಕೊಂಡು ಮುಚ್ಚಿಡ್ತಾರೆ."

"ದುಡಿಯೋ ಮೈ ನೋಯದೆ ಇರುತ್ತಾ ನರ್ಸಮ್ಮಾ?" ಅಪ್ಪ ಗೊಣಗಿದರು. "ಬಾಯಿ ಬಿಟ್ರೆ ಕೆಲಸ ಹೋಗುತ್ತೆ. ಮಗನಿಗೂ ಅದನ್ನೇ ಹೇಳಿದ್ದೀನಿ."

"ದಣಿವು ನಿದ್ದೆ ಮಾಡಿದ್ರೆ ಹೋಗುತ್ತೆ. ಬೆಳಗ್ಗೆ ಎದ್ದಾಗಲೂ ಜೊತೆಗೇ ಏಳೋದು ದಣಿವಲ್ಲ ಯಜಮಾನ್ರೇ. ಊರವರ ಅಳತೆಯೆಲ್ಲ ತೆಗೀತೀರಲ್ಲ, ಆ ಮೇಜಿನ ಅಳತೆ ಎಂದಾದ್ರೂ ತೆಗೆದಿದ್ದೀರಾ?"

ಅಪ್ಪನ ಕತ್ತರಿ ನಿಂತಿತು. ಆ ಮೇಜು ತಾತನದು. ತಾತ ಅಪ್ಪನ ಭುಜಕ್ಕೆ ಬರುತ್ತಿದ್ದರಂತೆ. ಅಪ್ಪ ಕೊರಳಿನ ಟೇಪು ತೆಗೆದು ಅಳೆದರು. ನಂಬಿಕೆಯಾಗದೆ ಮತ್ತೆ ಅಳೆದರು. ಮೇಜು ಅವರ ಸೊಂಟಕ್ಕಿಂತ ಒಂದು ಗೇಣು ತಗ್ಗು.

"ಇದೊಳ್ಳೆ ಕಥೆ! ನಮ್ಮಪ್ಪನ ಅಂಗಿಯನ್ನ ಮೂವತ್ತು ವರ್ಷ ಹಾಕ್ಕೊಂಡಂಗಾಯ್ತಲ್ಲೋ!"

ಆ ಸಂಜೆಯೇ ಮೇಜಿನ ನಾಲ್ಕು ಕಾಲಿಗೂ ಮರದ ತುಂಡು ಕಟ್ಟಿದೆವು.

ಅದಕ್ಕೂ ಮೊದಲು, ನರ್ಸಮ್ಮ ಹೊರಡುವ ಮುನ್ನ, ನನ್ನ ಸರದಿ ಬಂತು. ಕೈಗೆ ದಿಂಬು ಕೊಟ್ಟು, "ಮೂಟೆ ಅಂದ್ಕೋ, ದಾಟಿಸು," ಎಂದರು ನರ್ಸಮ್ಮ. ದಾಟಿಸಿದೆ.

"ಪಾದ ಯಾಕಪ್ಪ ಹೂತಿಟ್ಟಿದ್ದೀಯ?"

"ಅದು ನಮ್ಮ ಗತ್ತು."

"ಗತ್ತು ಗೋಡೌನಿಂದು, ಸೊಂಟ ನಿಂದು. ಮಂಡಿ ಬಗ್ಗಿಸು, ಹೊರೆ ಮೈಗೆ ಅವಚಿಕೋ, ಪಾದ ಎತ್ತಿ ಪೂರ್ತಿ ತಿರುಗು. ಭಾರ ಜಾಸ್ತಿಯಾದ್ರೆ ಇಬ್ಬರು ಹಿಡೀರಿ. ಮೊದಲು ನಾಳೆ ಡಾಕ್ಟರಿಗೆ ತೋರಿಸು."

ಹತ್ತು ದಿನ ಭಾರ ಎತ್ತಬಾರದೆಂದು ಡಾಕ್ಟರು ಚೀಟಿ ಬರೆದರು. ಚೀಟಿ ನೋಡಿ ಮೇಸ್ತ್ರಿ ಬಾಗಿಲು ತೋರಿಸಿದ. ಆಗ, ಅವತ್ತು ಭುಜ ಉಜ್ಜಿಕೊಂಡು ನಕ್ಕಿದ್ದವನೇ ಮುಂದೆ ಬಂದ. "ನನಗೂ ನೋವಿದೆ ಮೇಸ್ತ್ರಿ." ಹಿಂದಿನಿಂದ ಇನ್ನೊಬ್ಬ, "ನನಗೂ." ಹೀಗೆ ಏಳು ಜನ. ಏಳು ಜನರನ್ನು ಒಂದೇ ದಿನ ಎಲ್ಲಿಂದ ತರುತ್ತಾನೆ? ನನ್ನನ್ನು ಹತ್ತು ದಿನ ಚೀಲದ ಬಾಯಿ ಹೊಲಿಯಲು ಹಾಕಿದ.

ಈಗ ಅಮ್ಮನ ಕೈಗೆ ಉದ್ದ ಕೋಲಿನ ಒರೆಸುವ ಬಟ್ಟೆ ಬಂದಿದೆ. ಅಕ್ಕ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕುತ್ತಾಳೆ. ಟ್ಯೂಬ್ ಒಂದೇ, ಅದೂ ಎಲ್ಲರಿಗೂ ಕಾಣುವ ಗೂಡಿನಲ್ಲಿ.

ನನಗೆ ಇನ್ನೂ ಸಿಟ್ಟಿದೆ. ಐದು ವರ್ಷ ಒಬ್ಬರೂ ಇದನ್ನು ಹೇಳಿಕೊಡಲಿಲ್ಲವಲ್ಲ! ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ನೋವನ್ನು ಹಾಸಿಗೆಯಡಿ ಬಚ್ಚಿಡಬೇಡಿ. ಮನೆಯಲ್ಲಿ ಹೇಳಿ, ಕೆಲಸದ ಜಾಗದಲ್ಲಿ ಒಟ್ಟಾಗಿ ಹೇಳಿ. ಕೈಕಾಲು ಮರಗಟ್ಟಿದರೆ, ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ನಿಮ್ಮ ಮೇಜು, ನಿಮ್ಮ ಕುರ್ಚಿ ಯಾರ ಅಳತೆಯದೆಂದು ಇವತ್ತೇ ನೋಡಿ.

ನಿನ್ನೆ ನಾನು ಪಾದ ಎತ್ತಿ ತಿರುಗುವುದನ್ನು ಕಂಡು ಮೇಸ್ತ್ರಿ ಎಲ್ಲರೆದುರು ಕೂಗಿದ: "ಏನೋ ಹೊಸಬ, ಕುಣೀತಿದ್ದೀಯಾ?"

ಮೂಟೆಯನ್ನು ಎದೆಗೆ ಅವಚಿಕೊಂಡೆ. ಬಲಪಾದ ಎತ್ತಿದೆ, ಎಡಪಾದ ಎತ್ತಿದೆ, ಅವನಿಗೆ ಬೆನ್ನು ಮಾಡಿ ನಡೆದೆ. ಸೊಂಟ ನೋಯುತ್ತಿರಲಿಲ್ಲ.