ಗುರುವಾರದ ಪಾಳಿ

ಬಸವಕಲ್ಯಾಣದ ಮಹಜಬೀನ್ ಮತ್ತು ಹುಮನಾಬಾದಿಗೆ ಮದುವೆಯಾಗಿ ಹೋದ ಸ್ನೇಹಲ್ ನಡುವೆ 1998ರಲ್ಲಿ ಘೋರ ಯುದ್ಧ ನಡೆದಿತ್ತು, ಅದೂ ಬಸ್ಸಿನಲ್ಲಿ! ಟಿವಿಗೆ ಜೋಡಿಸುವ ವಿಡಿಯೋ ಗೇಮು ಇಬ್ಬರ ಮನೆಯಲ್ಲೂ ಇತ್ತು, ಯುದ್ಧದ ಕ್ಯಾಸೆಟ್ ಮಾತ್ರ ಒಂದೇ. ಒಬ್ಬರು ದಂಡು ನಡೆಸಿದ ಮೇಲೆ ಇನ್ನೊಬ್ಬರ ಪಾಳಿ. ಆಟ ನಿಂತಲ್ಲೇ ಕ್ಯಾಸೆಟ್ಟಿನಲ್ಲಿ ಉಳಿಯುತ್ತಿತ್ತು. ಗುರುವಾರ ಮಹಜಬೀನ್ ಆಡಿ, ಕ್ಯಾಸೆಟ್ಟನ್ನು ಸ್ಟೀಲ್ ಡಬ್ಬಿಗೆ ಹಾಕುವಳು. ಹುಮನಾಬಾದಿನ ಟಿವಿ ರಿಪೇರಿ ಅಂಗಡಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ತಮ್ಮ ಸರ್ಫರಾಜ್ ಅದನ್ನು ಒಯ್ಯುವನು. ಶನಿವಾರ ಡಬ್ಬಿ ವಾಪಸು, ಜೊತೆಗೆ ಸ್ನೇಹಲಳ ಸಲಾಮು. ಗೆಳತಿಯರ ನಡುವೆ ಉಳಿದ ನಂಟು ಅದೊಂದೇ.

ಅಡವಿಯಲ್ಲಿಟ್ಟ ದಂಡು ಎದುರಾಳಿಗೆ ಕಾಣುವುದಿಲ್ಲ. “ಹೊಳಿ ಆಚೆ ಅಡವ್ಯಾಗ ಮೂರು ದಂಡು ಬಚ್ಚಿಟ್ಟೀನಿ. ಅಕಿ ಮುಂದ ಬಾಯಿ ಬಿಟ್ಟಿ ನೋಡು!” ಎಂದು ತಮ್ಮನಿಗೆ ಮಾತ್ರ ಹೇಳುವಳು. ಶನಿವಾರ ನೋಡಿದರೆ ತೋಪಿನ ಗುಂಡು ಅಲ್ಲಿಗೇ ಬಿದ್ದಿರುತ್ತಿತ್ತು. “ಭಾರಿ ಶಾಣ್ಯಾಕಿ ನನ್ನ ಗೆಳತಿ” ಎಂದು ಸೋತರೂ ಹಿಗ್ಗುವಳು, ಹುಚ್ಚಿ!

ಎಂಟು ತಿಂಗಳ ಮೇಲೆ, ಒಂದು ಬುಧವಾರ, ತವರಿಗೆ ಬಂದಿದ್ದ ಸ್ನೇಹಲ್ ಬಳೆ ಅಂಗಡಿಯಲ್ಲಿ ಸಿಕ್ಕಳು.

“ಈ ಸಲ ನಿನ್ನ ರಾಜಧಾನಿ ನಂದs!” ಎಂದಳು ಮಹಜಬೀನ್.

“ಅಯ್ಯ, ಇನ್ನಾ ಆಡಾಕತ್ತೀಯೇನ? ನಂಗ ಎರಡs ವಾರಕ್ಕ ಬ್ಯಾಸರಾತು. ಇನ್ನ ಬ್ಯಾಡಂತ ಸರ್ಫರಾಜಗ ಹೇಳಿ ಕಳಿಸಿದ್ನೆಲ್ಲ!”

ಮಹಜಬೀನ್ ಬಳೆ ಕೊಳ್ಳದೆ ಮನೆಗೆ ನಡೆದಳು. ಹಾಗಾದರೆ ಆ ಸಲಾಮುಗಳು ಯಾರವು? ಗುಟ್ಟು ಕೇಳಿಸಿಕೊಂಡವನೇ ಅಂಗಡಿಯ ಟಿವಿ ಮುಂದೆ ಕೂತು ತೋಪು ಹಾರಿಸಿದ್ದನೇ? ನಂಬಿದ್ದಕ್ಕೆ ಒಳ್ಳೆ ಮರ್ಯಾದೆ! ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಆದರೂ ಒಡಹುಟ್ಟಿದವನು, ಸುಮ್ಮನೆ ಅನುಮಾನಪಡಬಾರದೆಂದು ಒಂದು ಪರೀಕ್ಷೆ ಇಟ್ಟಳು.

ಗುರುವಾರ ಡಬ್ಬಿ ಕೊಡುತ್ತಾ, “ಈ ಸಲ ನನ್ನ ರಾಜಧಾನಿ ಕಾಯಾಕ ಯಾರೂ ಇಲ್ಲ. ಸ್ನೇಹಲ್‌ಗ ಹೇಳಬ್ಯಾಡ” ಎಂದಳು. ಅಸಲಿಗೆ ರಾಜಧಾನಿಯ ಪಕ್ಕದ ಅಡವಿ ತುಂಬ ಅವಳ ದಂಡೇ ಇತ್ತು.

ಶನಿವಾರ ನೋಡಿದರೆ ವೈರಿಯ ಇಡೀ ಸೈನ್ಯ ರಾಜಧಾನಿಯ ಬಾಗಿಲಿಗೆ ಬಂದು ನಿಂತಿತ್ತು. ಒಂದೇ ಪಾಳಿಯಲ್ಲಿ ಅದನ್ನೆಲ್ಲ ಮುಗಿಸಿ ಗೆದ್ದಳು. ಗೆದ್ದ ಖುಷಿ ಹತ್ತಿರವೂ ಸುಳಿಯಲಿಲ್ಲ.

“ನಾ ಗೆದ್ದೆ ಅಂತ ಸ್ನೇಹಲ್‌ಗ ಹೇಳು” ಎಂದಳು.

ಸೋಮವಾರ ಊಟಕ್ಕೆ ಕೂತ ಸರ್ಫರಾಜ್ ತಾನಾಗೇ ಬಾಯಿಬಿಟ್ಟ. “ಹೇಳಿದೆ ಆಪಾ. ಭಾಳ ಖುಷಿಯಾತಂತ. ಸಲಾಂ ಹೇಳ್ಯಾಳ.”

“ಹೋದ ಬುಧವಾರ ಬಳಿ ಅಂಗಡ್ಯಾಗ ಸ್ನೇಹಲ್ ಸಿಕ್ಕಿದ್ಲು.”

ತುತ್ತು ಅವನ ಕೈಯಲ್ಲೇ ಉಳಿಯಿತು. “ಆಪಾ… ಆಟ ನಿಂತರ ನೀ ಒಬ್ಬಾಕಿ ಆಗ್ತಿ ಅಂತ…”

“ಒಬ್ಬಾಕೀನs ಇದ್ದೆ, ಎಂಟು ತಿಂಗಳು” ಎಂದಳು ಮಹಜಬೀನ್. “ನಂಗೊಬ್ಬಾಕಿಗೇ ಗೊತ್ತಿರಲಿಲ್ಲ.”