ಬೀರಪ್ಪನ ಕಂಬಳಿಯಲ್ಲಿ ಬರ್ಫ

ನನ್ನ ಅತ್ತೆ ಗಿರಿಜವ್ವನಿಗೆ ಸಕ್ಕರೆ ಕಾಯಿಲೆಗಿಂತ ಮೊಮ್ಮಗಳ ವಿಜ್ಞಾನದ ಪುಸ್ತಕದ ಮೇಲೆಯೇ ಸಿಟ್ಟು ಹೆಚ್ಚು. ಏಳನೇ ಇಯತ್ತೆಯಲ್ಲಿರುವ ನನ್ನ ಮಗಳು ಶ್ರೀಪ್ರಿಯಾ ಒಂದು ದಿನ ಊಟದ ನಡುವೆ, ಜೋಳದ ರೊಟ್ಟಿ ಬಾಯಲ್ಲಿ ಅಗಿಯುವಾಗಲೇ ಸಕ್ಕರೆಯಾಗಲು ಶುರುವಾಗುತ್ತದೆ ಎಂದುಬಿಟ್ಟಳು.

"ಚಾದಾಗಿನ ಸಕ್ರಿ ಬಿಡಿಸಿದ್ರಿ, ಅನ್ನ ಬಿಡಿಸಿದ್ರಿ. ಈಗ ರೊಟ್ಟಿಗೂ ಕಲ್ಲು ಹಾಕಾಕ ಬಂದಿ ಏನ?" ಎಂದು ಅತ್ತೆ ತಾಟು ಸರಿಸಿದರು. ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ನನ್ನ ರೊಟ್ಟಿ ಆರಿ ಹಪ್ಪಳವಾಗಿತ್ತು.

ನಾವು ವಿಜಯಪುರದ ಕಡೆಯ ಹಾಲುಮತದವರು. ಮಾವನವರ ಕಾಲದಿಂದ ಮರಾಠಿ ಸೀಮೆಯ ರಬಾಳೆಯಲ್ಲಿದ್ದೇವೆ. ಗಂಡನದು ಲೋಡಿಂಗ್ ಕೆಲಸ, ಲಾರಿ ಹೋದ ಕಡೆ ಹೋಗುತ್ತಾರೆ. ನಾನು ಬೇಲಾಪುರದ ಒಂದು ಆಫೀಸಿನಲ್ಲಿ ನೆಲ ಒರೆಸುತ್ತೇನೆ. ಮನೆಯೆಂದರೆ ಒಂದು ಖೋಲಿ, ಮೇಲೆ ತಗಡು. ಅತ್ತೆಗೆ ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಇನ್ಸುಲಿನ್ ಚುಚ್ಚಬೇಕು. ಅದರ ಬಾಟಲಿಯನ್ನು ಎದುರು ಮನೆಯ ಮಾನಸಿ ತನ್ನ ಫ್ರಿಜ್ಜಿನಲ್ಲಿ ಇಟ್ಟುಕೊಡುತ್ತಾಳೆ. ಯಾವ ಹೊತ್ತಿನಲ್ಲಿ ಬಾಗಿಲು ಬಡಿದರೂ ಮುಖ ಗಂಟು ಹಾಕಿದವಳಲ್ಲ, ಅವಳ ಹೊಟ್ಟೆ ತಣ್ಣಗಿರಲಿ.

ಅಕ್ಟೋಬರಿನ ಬಿಸಿಲಿಗೆ ತಗಡು ರೊಟ್ಟಿ ಹಂಚಿನಂತೆ ಕಾದಿದ್ದ ಒಂದು ಶನಿವಾರ ನಮ್ಮ ವಸ್ತಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಸಂಜೆ ಮಾನಸಿಯೇ ಬಾಟಲಿ ಹಿಡಿದು ಬಂದಳು. "ತಾಈ, ಫ್ರಿಜ್ ಪೂರ್ಣ ಗರಮ್ ಝಾಲಾ," ಎಂದು ಫ್ರಿಜ್ಜೇ ಬಿಸಿಯಾದದ್ದನ್ನು ಹೇಳಿದಳು, ತಪ್ಪು ತನ್ನದೇ ಎಂಬಂತೆ. ಕರೆಂಟು ಮಂಗಳವಾರದ ಮೊದಲು ಬರುವುದಿಲ್ಲ ಎಂದು ಸುದ್ದಿ. ಆಸ್ಪತ್ರೆಯಲ್ಲಿ ಮುಂದಿನ ಬಾಟಲಿ ಸಿಗುವುದು ಮುಂದಿನ ವಾರ. ಔಷಧ ಬಿಸಿಗೆ ಕೆಟ್ಟರೆ ನೀರು ಚುಚ್ಚಿದ ಹಾಗೆ ಎಂದು ನರ್ಸ್ ಹೇಳಿದ್ದರು. ಹೋದ ವರ್ಷ ಹಾಗೆಯೇ ಸಕ್ಕರೆ ಏರಿ ಅತ್ತೆ ಎಚ್ಚರ ತಪ್ಪಿ ಬಿದ್ದದ್ದನ್ನು ಕಂಡ ಮೇಲೆ ನನಗೆ ಆ ಬಾಟಲಿಯೆಂದರೆ ಜೀವ.

ಐಸ್ ಗೋಲಾ ಗಾಡಿಯವನಿಂದ ಬರ್ಫ ತಂದು, ಬಾಟಲಿ ಇಟ್ಟ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಗೆ ಹಳೆಯ ಸೀರೆ ಸುತ್ತಿದೆ. ಊಟ ಮುಗಿಯುವಷ್ಟರಲ್ಲಿ ಎಲ್ಲ ನೀರು. ಮತ್ತೆ ತಂದೆ, ಮತ್ತೆ ನೀರು. ಬೆಳಗಾಗುವಷ್ಟರಲ್ಲಿ ನನ್ನ ತಲೆ ಕೆಟ್ಟುಹೋಗಿತ್ತು.

ಆಗ ಶ್ರೀಪ್ರಿಯಾ ದೇವರ ಮೂಲೆಯ ಕಡೆ ಕೈ ತೋರಿಸಿ, "ಮಮ್ಮಿ, ವೋ ಕಂಬಳಿ ಮೇ ಲಪೇಟೋ ನ," ಎಂದು ಡಬ್ಬಿಯನ್ನು ಅದರಲ್ಲಿ ಸುತ್ತಲು ಹೇಳಿದಳು.

ಅದು ನಮ್ಮ ಕುಲದೇವರು ಬೀರಪ್ಪನ ಕಂಬಳಿ. ಅತ್ತೆಯ ತಂದೆ ಕುರಿ ಕಾಯುವಾಗ ಹೊದೆಯುತ್ತಿದ್ದದ್ದು. ಮದುವೆಯಲ್ಲಿ ಗದ್ದುಗೆಗೆ ಹಾಸುವುದು ಬಿಟ್ಟರೆ ಅದನ್ನು ಬಿಚ್ಚುವಂತಿಲ್ಲ, ತುಳಿಯುವಂತಿಲ್ಲ, ತೊಯಿಸುವುದಂತೂ ಇಲ್ಲವೇ ಇಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಾನೇ ಅದರ ಧೂಳು ಕೊಡವಿದವಳಲ್ಲ.

"ಬಾಯಿ ಮುಚ್ಚ!" ಅತ್ತೆ ಎದ್ದು ಕುಳಿತರು. "ಕಂಬಳಿ ಅಂದ್ರ ಉಷ್ಣ. ಕಂಬಳ್ಯಾಗ ಬರ್ಫ ಇಟ್ರ ಉಳಿತೈತೇನ? ನಾ ಕುರುಬರ ಮಗಳು, ನನಗ ಹೇಳಾಕ ಬರ್ತಿ?"

"ಆಯಿ, ಕಂಬಳಿ ಗರಂ ಅಲ್ಲ," ಎಂದಳು ಶ್ರೀಪ್ರಿಯಾ. ಅಜ್ಜಿಯೊಡನೆ ವಾದಕ್ಕೆ ನಿಂತಾಗ ಮಾತ್ರ ಅವಳಿಗೆ ಕನ್ನಡ ಸರಾಗ. "ಉಣ್ಣ್ಯಾಗ ಹವಾ ಸಿಕ್ಕೊಂಡು ಇರ್ತದ. ಹವಾ ಗರ್ಮಿನ ದಾಟಾಕ ಬಿಡಂಗಿಲ್ಲ. ಒಳಗಿಂದು ಒಳಗ, ಹೊರಗಿಂದು ಹೊರಗ. ಟೀಚರ್ ಹೇಳ್ಯಾರ."

"ನಿಮ್ಮ ಟೀಚರ್ ಕುರಿ ಕಾಯ್ದಾರೇನ?"

"ಇಲ್ಲ. ನೀ ಬರ್ಫ ಇಟ್ಟು ನೋಡಿಯೇನ?"

ನಾನು ಬೆತ್ತ ಹುಡುಕಬೇಕೋ ನಗಬೇಕೋ ತಿಳಿಯದೆ ನಿಂತೆ. ಅತ್ತೆ ಹಟಕ್ಕೆ ಬಿದ್ದರು. ಪುಸ್ತಕ ಸುಳ್ಳೆಂದು ತೋರಿಸಿಯೇ ತೀರಬೇಕಿತ್ತು. ಮುಚ್ಚಳ ಗಟ್ಟಿಯಿರುವ ಎರಡು ಡಬ್ಬಿ ಬೇಕು, ಒಂದು ಹನಿ ಹೊರಗೆ ಬರಬಾರದು ಎಂದು ಅಪ್ಪಣೆಯಾಯಿತು. ಎರಡಕ್ಕೂ ಒಂದೇ ಅಳತೆಯ ಬರ್ಫ ಹಾಕಿದೆ. ಒಂದಕ್ಕೆ ಸೀರೆ ಸುತ್ತಿದೆವು. ಇನ್ನೊಂದನ್ನು ಅತ್ತೆಯೇ ಕೈ ತೊಳೆದು, ಬೀರಪ್ಪನಿಗೆ ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ಕಂಬಳಿ ಬಿಚ್ಚಿ ಮಡಿಕೆಗಳ ನಡುವೆ ಇಟ್ಟರು. ನಲ್ಲಿ ನೀರು ಬಂದು ನಿಲ್ಲುವವರೆಗೂ ಕಾವಲು ಕೂತರು.

ಸೀರೆಯ ಡಬ್ಬಿ ತೆಗೆದೆ. ಬರೀ ನೀರು. ಅತ್ತೆ ಕಂಬಳಿಯೊಳಗೆ ಕೈ ಹಾಕಿ ಮತ್ತೊಂದನ್ನು ತೆಗೆದು ಅಲುಗಾಡಿಸಿದರು. ಒಳಗೆ ಬರ್ಫ ಠಣ್ ಎಂದು ಬಡಿಯಿತು. ಮುಚ್ಚಳ ತೆಗೆದು ನೋಡಿದರು, ಮುಟ್ಟಿ ನೋಡಿದರು.

"ನಮ್ಮಪ್ಪ ನಡು ಬ್ಯಾಸಗ್ಯಾಗ ಅಡವ್ಯಾಗ ತಲಿ ಮ್ಯಾಲಿಂದ ಕಂಬಳಿ ಹೊದ್ದು ನಿಂತಿರತಿದ್ದ," ಎಂದರು. "ಇವಗ ಮರುಳ ಹಿಡದೈತಿ ಅಂತಿದ್ದಳು ನಮ್ಮವ್ವ. ನಾನೂ ಹಂಗ ಅನಕೊಂಡಿದ್ನಿ. ಬಿಸಲ ಒಳಗ ಬರಬಾರದಂತ ಹೊದ್ಕೋತಿದ್ನೇನ ಪಾಪ."

ಅವರ ಕಣ್ಣುಗಳು ಒದ್ದೆಯಾಗಿದ್ದವು. ನನ್ನವೂ. "ತಾ ಇತ್ತ," ಎಂದು, ಅಷ್ಟು ಹೊತ್ತು ಬರ್ಫದ ನೀರಿನಲ್ಲಿಟ್ಟಿದ್ದ ಇನ್ಸುಲಿನ್ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದು ಬರ್ಫಕ್ಕೆ ತಾಗಿ ಹೆಪ್ಪುಗಟ್ಟಿದರೂ ಕೆಡುತ್ತದೆ ಎಂದು ಶ್ರೀಪ್ರಿಯಾ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿಟ್ಟಳು. ಎರಡು ಡಬ್ಬಿಗಳನ್ನೂ ಪಕ್ಕಪಕ್ಕದಲ್ಲಿ ಮಲಗಿಸಿ ಕಂಬಳಿ ಮುಚ್ಚಿದೆವು. ಮೊದಲ ಸಲ ಆ ಕಂಬಳಿಗೆ ನನ್ನ ಕೈಯೂ ತಾಗಿತು. ಅತ್ತೆ ನೋಡಿದರು, ಬೇಡ ಎನ್ನಲಿಲ್ಲ.

ಕರೆಂಟು ಮಂಗಳವಾರವೂ ಬರಲಿಲ್ಲ, ಬುಧವಾರ ಬಂತು. ಅಷ್ಟು ದಿನವೂ ಬರ್ಫ ಬದಲಿಸುತ್ತ, ಅದೇ ಬಾಟಲಿಯಿಂದ ಚುಚ್ಚುತ್ತ ಬಂದೆವು. ಗುರುವಾರ ದವಾಖಾನೆಯಲ್ಲಿ ಅತ್ತೆಯ ರಕ್ತ ನೋಡಿ ಸಕ್ಕರೆ ಹಿಡಿತದಲ್ಲಿದೆ ಎಂದರು. ನಾನು ಅಲ್ಲಿಯೇ, ಸಾಲಿನಲ್ಲಿ ನಿಂತವರೆದುರೇ ಅತ್ತುಬಿಟ್ಟೆ. ಮುಖ ನೋಡಿಲ್ಲದ ಆ ಟೀಚರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮನೆಗೆ ಬಂದ ಅತ್ತೆ ಮಾನಸಿಯನ್ನು ಕೂಗಿ ಕರೆದು ಕೂರಿಸಿದರು. ಮೊಮ್ಮಗಳನ್ನು ದೇವರ ಮುಂದೆ ನಿಲ್ಲಿಸಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿ, ನಮ್ಮಲ್ಲಿ ಹಿರಿಯರಿಗೆ ಮರ್ಯಾದೆ ಮಾಡುವಂತೆ ಹೆಗಲ ಮೇಲೆ ಕಂಬಳಿ ಹೊದಿಸಿದರು. ಮಾನಸಿ ಚಪ್ಪಾಳೆ ತಟ್ಟಿದಳು.

ಫ್ಯಾನು ತಿರುಗುತ್ತಿದ್ದರೂ ಶ್ರೀಪ್ರಿಯಾಳ ಕುತ್ತಿಗೆಯಿಂದ ಬೆವರು ಇಳಿಯತೊಡಗಿತು.

"ಈಗೇನಂತೈತಿ ನಿನ್ನ ಪುಸ್ತಕ?" ಅತ್ತೆ ಕೆಣಕಿದರು.

"ಒಳಗ ನಾನ ಗರಂ ಅದೀನಿ, ಆಯಿ. ನನ್ನ ಗರ್ಮಿ ಹೊರಗ ಬಿಡವಲ್ದು."

"ಹಂಗಾರ ತಗದ ಕೊಡು, ಮಡಚಿ ಇಡ್ತೀನಿ."

"ಥಾಂಬ್ ನ, ಇನ್ನೊಂದ್ ಸ್ವಲ್ಪ ಇರ್ಲಿ," ಎಂದು ಅವಳು ಎರಡೂ ಅಂಚು ಹಿಡಿದು ಕಂಬಳಿಯನ್ನು ಮೈಗೆ ಎಳೆದುಕೊಂಡಳು.